ಗುಂಪಿನಲ್ಲಿ ಹೊರಡುವ ಮುನ್ನ: ಸಣ್ಣ ಹೋವರ್‌ಕ್ರಾಫ್ಟಿನ ಆರೈಕೆ ಮತ್ತು ದುರಸ್ತಿ

ಹೋವರ್‌ಕ್ರಾಫ್ಟ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಗಾಳಿಯ ಮೆತ್ತೆಯ ಮೇಲೆ ನೆಲ, ನೀರು ಎರಡರ ಮೇಲೂ ಸಾಗುವ, ಕರಾವಳಿ ಕಾವಲು ಪಡೆಯ ದೊಡ್ಡ ವಾಹನ. ಬ್ರಿಟನ್ನಿನಲ್ಲಿ ಅದಕ್ಕೆ ಬಹಳ ಚಿಕ್ಕ ರೂಪವೂ ಒಂದಿದೆ. ಒಬ್ಬಿಬ್ಬರು ಕೂರಬಹುದಾದ, ಕಾರಿನ ಹಿಂದೆ ಟ್ರೇಲರ್ ಮೇಲೆ ಸಾಗಿಸಬಹುದಾದ, ಎಷ್ಟೋ ಸಲ ಮಾಲೀಕರೇ ಶೆಡ್ಡಿನಲ್ಲಿ ಕಟ್ಟಿಕೊಂಡ ವಾಹನ ಅದು. ಬ್ರಿಟಿಷ್ ಎಂಜಿನಿಯರ್ ಕ್ರಿಸ್ಟೋಫರ್ ಕಾಕರೆಲ್ ರೂಪಿಸಿದ ಎಸ್‌ಆರ್‌ಎನ್‌1 ಎಂಬ ಹೋವರ್‌ಕ್ರಾಫ್ಟ್ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ್ದು 1959ರ ಜುಲೈ 25ರಂದು. ಅದಾಗಿ ಏಳು ವರ್ಷಕ್ಕೆ, 1966ರಲ್ಲಿ, ಅಲ್ಲಿನ ಹವ್ಯಾಸಿಗಳು ತಮ್ಮದೇ ಕ್ಲಬ್ ಕಟ್ಟಿಕೊಂಡರು. ಇಂದಿಗೂ ಕೆಲವರು ಪಂದ್ಯಕ್ಕೆ ಇಳಿಯುತ್ತಾರೆ, ಉಳಿದವರು ಗುಂಪುಗೂಡಿ ನದಿಗಳ ಮೇಲೂ ಉಬ್ಬರವಿಳಿತದ ಕೆಸರುಬಯಲುಗಳ ಮೇಲೂ ವಿಹಾರ ಹೋಗುತ್ತಾರೆ. ಈ ಲೇಖನ ಆ ಎರಡನೆಯ ಬಗೆಯವರಿಗಾಗಿ, ಅದರಲ್ಲೂ ಹಳೆಯ ವಾಹನವೊಂದನ್ನು ಕೊಂಡು ಮೊದಲ ಗುಂಪು ವಿಹಾರಕ್ಕೆ ಸಜ್ಜಾಗುತ್ತಿರುವವರಿಗಾಗಿ.

ಒಂಟಿಯಾಗಿ ಕೆರೆಯ ದಂಡೆಯಲ್ಲಿ ಓಡಿಸುವಾಗ ವಾಹನ ಕೆಟ್ಟರೆ ನಷ್ಟ ನಿಮ್ಮೊಬ್ಬರದು. ಗುಂಪಿನಲ್ಲಿ ಒಂದು ಕೆಟ್ಟರೆ ಎಲ್ಲರೂ ನಿಲ್ಲಬೇಕು. ಬ್ರಿಟನ್ನಿನ ಸೆವರ್ನ್ ನದೀಮುಖದಂಥ ಕಡೆ ದೊಡ್ಡ ಭರತದ, ಅಂದರೆ ಉಬ್ಬರದ, ದಿನಗಳಲ್ಲಿ ನೀರಿನ ಮಟ್ಟ ಸುಮಾರು 14 ಮೀಟರಿನಷ್ಟು ಏರಿಳಿಯುತ್ತದೆ. ಅಲ್ಲಿ ನಿಮ್ಮ ಸವೆದ ಬೆಲ್ಟಿಗಾಗಿ ಕಾಯುತ್ತ ನಿಲ್ಲುವುದು ಜೊತೆಗಾರರಿಗೆ ಬೇಸರದ ಸಂಗತಿ ಮಾತ್ರವಲ್ಲ, ಅಪಾಯವೂ ಹೌದು. ಆದ್ದರಿಂದ ಶೆಡ್ಡಿನಲ್ಲಿ ಮಾಡುವ ಕೆಲಸವನ್ನು ನಾನು ಜೊತೆಗಾರರಿಗೆ ಸಲ್ಲಿಸುವ ಮರ್ಯಾದೆ ಎಂದೇ ಎಣಿಸುತ್ತೇನೆ. ಅದನ್ನು ಹೊರಡುವ ಹಿಂದಿನ ರಾತ್ರಿಗೆ ಉಳಿಸಿಕೊಳ್ಳಬೇಡಿ. ಒಂದು ವಾರ ಮೊದಲೇ ಮಾಡಿದರೆ, ಬೇಕಾದ ಬಿಡಿಭಾಗವನ್ನು ತರಿಸಿಕೊಳ್ಳಲು ಸಮಯ ಸಿಗುತ್ತದೆ.

ಮೊದಲು ಯಂತ್ರದ ಗುಟ್ಟು ತಿಳಿದಿರಲಿ. ಸಣ್ಣ ವಾಹನಗಳಲ್ಲಿ ಸಾಮಾನ್ಯವಾಗಿ ಒಂದೇ ಎಂಜಿನ್, ಒಂದೇ ಫ್ಯಾನ್. ಫ್ಯಾನಿನ ಹಿಂದೆ ಅಡ್ಡಲಾಗಿರುವ ತಟ್ಟೆಯೊಂದು ಗಾಳಿಯ ಸುಮಾರು ಮೂರನೇ ಒಂದು ಭಾಗವನ್ನು ಕೆಳಗೆ, ಸ್ಕರ್ಟಿನೊಳಕ್ಕೆ, ಅಂದರೆ ಒಡಲಿನ ಸುತ್ತ ಇಳಿಬಿದ್ದು ಗಾಳಿಯನ್ನು ಹಿಡಿದಿಡುವ ಬಟ್ಟೆಯ ಅಂಚಿನೊಳಕ್ಕೆ, ತಿರುಗಿಸುತ್ತದೆ. ಉಳಿದ ಗಾಳಿ ಹಿಂದಕ್ಕೆ ಚಿಮ್ಮಿ ವಾಹನವನ್ನು ಮುಂದೆ ತಳ್ಳುತ್ತದೆ. ಏಳುವುದೂ ಓಡುವುದೂ ಒಂದೇ ಫ್ಯಾನಿನ ಕೆಲಸವಾದ್ದರಿಂದ, ತಪಾಸಣೆಯನ್ನು ಅಲ್ಲಿಂದಲೇ ಆರಂಭಿಸಬೇಕು.

ಫ್ಯಾನ್, ಬೆಲ್ಟ್, ಬೇರಿಂಗ್

ಕೈ ಒಳಗೆ ಹಾಕುವ ಮುನ್ನ ಸ್ಪಾರ್ಕ್ ಪ್ಲಗ್‌ಗಳ ಕ್ಯಾಪ್ ಕಿತ್ತಿಡಿ, ಬ್ಯಾಟರಿಯ ತಂತಿ ಬಿಡಿಸಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಬಿಸಿ ಎಂಜಿನ್ನಿನ ಫ್ಯಾನನ್ನು ಕೈಯಿಂದ ತಿರುಗಿಸಿದರೂ ಎಂಜಿನ್ ಒಮ್ಮೆ ತಾನಾಗಿ ತಿರುಗಿಬಿಡಬಹುದು.

ಬ್ಲೇಡುಗಳು ಬಹುಮಟ್ಟಿಗೆ ಗಾಜಿನ ನಾರು ಬೆರೆಸಿದ ನೈಲಾನ್ ಅಥವಾ ಪಾಲಿಪ್ರೊಪಿಲೀನ್‌ನಿಂದ ಮಾಡಿದವು, ಅಲ್ಯೂಮಿನಿಯಂ ಹಬ್ಬಿಗೆ, ಅಂದರೆ ಫ್ಯಾನಿನ ನಡುಭಾಗಕ್ಕೆ, ಬಿಗಿದಿರುತ್ತವೆ. ಒಂದೊಂದನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಮುಖ್ಯವಾಗಿ ನೋಡಬೇಕಾದದ್ದು ಬ್ಲೇಡು ಹಬ್ಬಿನೊಳಗೆ ಸೇರುವ ಬುಡವನ್ನು. ಅಲ್ಲಿ ಕೂದಲೆಳೆಯಷ್ಟು ಬಿರುಕಾಗಲಿ, ಬಿಳಿಚಿಕೊಂಡ ಗೆರೆಯಾಗಲಿ ಕಂಡರೆ ಆ ಬ್ಲೇಡು ತ್ಯಾಜ್ಯ. ಅಂಟು ಹಚ್ಚುವುದು, ಉಜ್ಜಿ ನುಣುಪು ಮಾಡುವುದು, ‘ಇದೊಂದು ವಾರಾಂತ್ಯ ಕಳೆಯಲಿ’ ಎನ್ನುವುದು ಯಾವುದೂ ಬೇಡ. ತುದಿಯ ಬಳಿ ಗಾಳಿ ಸೀಳುವ ಅಂಚು ನೀರಿನ ಹನಿ ಮತ್ತು ಮರಳಿನಿಂದ ಕೊರೆದುಹೋಗುವುದು ಸಹಜ. ಆಳವಿಲ್ಲದ ಒರಟನ್ನು ನಯಗೊಳಿಸಿ ರಕ್ಷಣಾ ಟೇಪ್ ಅಂಟಿಸಬಹುದು. ಆದರೆ ಅಂಚಿನಲ್ಲಿ ಆಳವಾದ ಕಚ್ಚು ಬಿದ್ದಿದ್ದರೆ ಬ್ಲೇಡನ್ನೇ ಬದಲಿಸಿ. ನೈಲಾನ್ ಬ್ಲೇಡುಗಳು ತೀರ ಒಣಗಿದರೆ ಪೆಡಸಾಗುತ್ತವೆ. ಹಲವು ತಿಂಗಳು ಒಣ ಶೆಡ್ಡಿನಲ್ಲಿದ್ದ ವಾಹನವಾದರೆ ಇದನ್ನು ಮರೆಯಬೇಡಿ.

ಹೊಸ ಬ್ಲೇಡು ಹಾಕುವಾಗ ಹಳೆಯದರೊಂದಿಗೆ ತೂಗಿ ನೋಡಿ. ಎದುರುಬದುರಿನ ಜೋಡಿಗಳ ತೂಕ ಸರಿಹೊಂದಬೇಕು, ಎಲ್ಲ ಬ್ಲೇಡುಗಳ ಓರೆಕೋನವೂ ಒಂದೇ ಇರಬೇಕು. ಹಬ್ಬಿನ ಬೋಲ್ಟುಗಳನ್ನು ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಿಂದಲೇ ಬಿಗಿಯಿರಿ, ಕೈಯಂದಾಜು ಸಲ್ಲದು. ಬಳಿಕ ಫ್ಯಾನನ್ನು ನಿಧಾನವಾಗಿ ತಿರುಗಿಸುತ್ತ, ಬ್ಲೇಡಿನ ತುದಿಗೂ ಫ್ಯಾನನ್ನು ಸುತ್ತುವರಿದ ಕೊಳವೆಗೂ, ಅಂದರೆ ಡಕ್ಟಿಗೂ, ನಡುವಿನ ಅಂತರವನ್ನು ಸುತ್ತಲೂ ಅಳೆಯಿರಿ. ಅದು ಕೆಲವೇ ಮಿಲಿಮೀಟರ್ ಇರುತ್ತದೆ. ಒಂದು ಕಡೆ ಹೆಚ್ಚು, ಎದುರು ಕಡೆ ಕಡಿಮೆ ಇದ್ದರೆ ಡಕ್ಟ್ ಸೊಟ್ಟಗಾಗಿದೆ ಅಥವಾ ಎಂಜಿನ್ನಿನ ಚೌಕಟ್ಟು ಜಾರಿದೆ ಎಂದರ್ಥ. ಕಾರಣ ಹುಡುಕದೆ ಎಂಜಿನ್ ಚಾಲೂ ಮಾಡಬೇಡಿ.

ಎಂಜಿನ್ನಿನಿಂದ ಫ್ಯಾನಿಗೆ ಶಕ್ತಿ ಸಾಗಿಸುವುದು ಹಲ್ಲುಗಳಿರುವ ಬೆಲ್ಟ್. ಅದರ ಹಲ್ಲಿನ ಬುಡದಲ್ಲಿ ಬಿರುಕು, ಅಂಚಿನಲ್ಲಿ ಎಳೆ ಬಿಚ್ಚಿಕೊಂಡಿರುವುದು, ಒಂದೇ ಬದಿ ಸವೆದಿರುವುದು ಕಾಣುತ್ತದೆಯೇ ನೋಡಿ. ಒಂದೇ ಬದಿಯ ಸವೆತ ಎರಡು ಪುಲ್ಲಿಗಳು ಒಂದೇ ನೇರಕ್ಕಿಲ್ಲ ಎಂಬುದರ ಗುರುತು. ಅದನ್ನು ಸರಿಪಡಿಸದೆ ಹೊಸ ಬೆಲ್ಟ್ ಹಾಕಿದರೆ ಅದೂ ಬೇಗ ಹಾಳಾಗುತ್ತದೆ. ಬಿಗಿತಕ್ಕೆ ಒಂದು ಸ್ಥೂಲ ಲೆಕ್ಕವಿದೆ: ಎರಡು ಪುಲ್ಲಿಗಳ ನಡುವಿನ ಬಿಡಿ ಭಾಗದ ಪ್ರತಿ 100 ಮಿಲಿಮೀಟರಿಗೆ ಬೆಲ್ಟ್ ಸುಮಾರು 1.6 ಮಿಲಿಮೀಟರ್ ತಗ್ಗಬೇಕು. ಎಷ್ಟು ಬಲದಿಂದ ಒತ್ತಬೇಕೆಂಬುದನ್ನು ಆಯಾ ಬೆಲ್ಟಿನ ಕೈಪಿಡಿಯಲ್ಲಿ ನೋಡಿಕೊಳ್ಳಿ. ಬೆಲ್ಟಿಗೆ ಎಣ್ಣೆ, ಗ್ರೀಸ್ ತಾಗಕೂಡದು. ಬದಲಿ ಬೆಲ್ಟನ್ನು ಮಡಚಿ ಚೀಲಕ್ಕೆ ತುರುಕಲೂಬಾರದು. ಮಡಿಕೆ ಬಿದ್ದ ಕಡೆ ಒಳಗಿನ ನಾರು ಮುರಿಯುತ್ತದೆ, ಹೊರಗಿನಿಂದ ಅದು ತಿಳಿಯುವುದೂ ಇಲ್ಲ. ದೊಡ್ಡ ಸುರುಳಿಯಾಗಿ ಸಡಿಲವಾಗಿಡಿ.

ಬೆಲ್ಟ್ ಬಿಚ್ಚಿರುವಾಗಲೇ ಫ್ಯಾನಿನ ಶಾಫ್ಟನ್ನು ಕೈಯಿಂದ ತಿರುಗಿಸಿ ಬೇರಿಂಗ್ ಪರೀಕ್ಷಿಸಿ. ಗೊರಗೊರ ಎನ್ನುತ್ತಿದ್ದರೆ, ಅಲ್ಲಾಡಿಸಿದಾಗ ಸಡಿಲ ಕಂಡರೆ ಬದಲಿಸಿ. ಗ್ರೀಸ್ ತುಂಬುವ ಬಗೆಯ ಬೇರಿಂಗಾದರೆ, ಓಡಿಸಿ ಬಂದು ಅದು ಇನ್ನೂ ಬೆಚ್ಚಗಿರುವಾಗಲೇ ತುಂಬುವುದು ಉತ್ತಮ. ತಣ್ಣಗಾಗುತ್ತ ಬೇರಿಂಗ್ ಒಳಕ್ಕೆ ಎಳೆದುಕೊಳ್ಳುವ ತೇವವನ್ನು ಹೊಸ ಗ್ರೀಸ್ ತಡೆಯುತ್ತದೆ.

ಸ್ಕರ್ಟ್

ಹೆಚ್ಚು ಕೆಲಸ ಬೇಡುವುದು ಸ್ಕರ್ಟ್. ನೆಲ, ಕಲ್ಲು, ಮುಳ್ಳು, ಮುರಿದ ಗಾಜು ಎಲ್ಲವನ್ನೂ ಸವರಿಕೊಂಡು ಹೋಗುವುದು ಅದೇ. ಸಣ್ಣ ವಾಹನಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಒಡಲಿನ ಸುತ್ತ ಒಂದೇ ಕೊಳವೆಯಂತೆ ಉಬ್ಬುವ ಚೀಲದ ಸ್ಕರ್ಟ್. ಇನ್ನೊಂದು, ಪಕ್ಕಪಕ್ಕಕ್ಕೆ ಜೋಡಿಸಿದ ಹಲವು ಬಿಡಿ ತುಂಡುಗಳ ಸ್ಕರ್ಟ್. ಈ ಬಿಡಿ ತುಂಡುಗಳನ್ನು ಸೆಗ್ಮೆಂಟ್ ಎನ್ನುತ್ತಾರೆ. ಗುಂಪಿನೊಂದಿಗೆ ದೂರ ಹೋಗುವವರಿಗೆ ನಾನು ಸೂಚಿಸುವುದು ಸೆಗ್ಮೆಂಟ್ ಸ್ಕರ್ಟನ್ನೇ. ಒಂದು ತುಂಡು ಹರಿದುಹೋದರೆ ಅಕ್ಕಪಕ್ಕದವು ಉಬ್ಬಿ ಆ ಜಾಗವನ್ನು ಬಹುಮಟ್ಟಿಗೆ ಮುಚ್ಚುತ್ತವೆ, ನಿಧಾನವಾಗಿಯಾದರೂ ಮನೆ ಸೇರಬಹುದು. ಚೀಲದ ಸ್ಕರ್ಟ್ ಸರಳ, ಅಗ್ಗ, ಆದರೆ ಅದರಲ್ಲೊಂದು ಉದ್ದ ಸೀಳು ಬಿದ್ದರೆ ಆ ಬದಿಯೇ ಕುಸಿಯುತ್ತದೆ.

ಸೆಗ್ಮೆಂಟುಗಳನ್ನು ನೋಡಲು ವಾಹನವನ್ನು ಒಂದು ಬದಿಗೆ ಎತ್ತಿ, ಗಟ್ಟಿಯಾದ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ. ಜಾಕ್ ಒಂದನ್ನೇ ನಂಬಿ ಕೆಳಗೆ ತೂರಬೇಡಿ. ಪ್ರತಿ ಸೆಗ್ಮೆಂಟಿನ ಹೊರ ಅಂಚು ಒಡಲಿನ ಮೇಲ್ಭಾಗಕ್ಕೆ ರಿವೆಟ್ಟು ಅಥವಾ ಕ್ಲಿಪ್ಪಿನಿಂದ, ಒಳ ತುದಿಗಳು ತಳಕ್ಕೆ ಸಾಮಾನ್ಯವಾಗಿ ಕೇಬಲ್ ಟೈಗಳಿಂದ ಕಟ್ಟಿಕೊಂಡಿರುತ್ತವೆ. ಮೊದಲು ಸವೆಯುವುದು ನೆಲ ಸವರುವ ಕೆಳ ಅಂಚು. ಅದು ಜಾಲರಿಯಂತೆ ನೂಲು ಬಿಟ್ಟಿದ್ದರೆ ಬದಲಿಸುವ ಕಾಲ ಬಂದಿದೆ. ಒಳಗಿನ ಕೇಬಲ್ ಟೈ ತುಂಡಾಗಿರುವುದು ನೋಡಲು ಚಿಕ್ಕ ದೋಷ, ಆದರೆ ಪರಿಣಾಮ ದೊಡ್ಡದು. ಬಿಟ್ಟುಕೊಂಡ ಸೆಗ್ಮೆಂಟ್ ನೀರನ್ನು ಮೊಗೆಯುತ್ತದೆ, ವಾಹನವನ್ನು ಆ ಕಡೆಗೆ ಎಳೆಯುತ್ತದೆ. ಚಾಲಕ ಚುಕ್ಕಾಣಿ ಕೆಟ್ಟಿದೆಯೆಂದು ಹಿಂದೆ ನೋಡುತ್ತ ಕೂರುತ್ತಾನೆ. ಮುಂಭಾಗದ ಸ್ಕರ್ಟ್ ಸೊರಗಿದ್ದರಂತೂ ವೇಗದಲ್ಲಿರುವಾಗ ಅದು ಒಡಲಿನಡಿಗೆ ಮಡಚಿಕೊಂಡು ಮೂತಿ ನೀರಿಗೆ ಕಚ್ಚುತ್ತದೆ, ವಾಹನ ಗಕ್ಕನೆ ನಿಲ್ಲುತ್ತದೆ, ಕೂತವರು ಮುಂದೆ ಎಸೆಯಲ್ಪಡುತ್ತಾರೆ. ಆದ್ದರಿಂದ ಹೊಸ ಸೆಗ್ಮೆಂಟುಗಳು ಕೆಲವೇ ಇದ್ದರೆ ಅವನ್ನು ಮುಂದಕ್ಕೆ ಹಾಕಿ, ಅಲ್ಲಿನ ಅರ್ಧ ಸವೆದವನ್ನು ಪಕ್ಕಕ್ಕೆ ಸರಿಸಿ.

ತೇಪೆ ಹಾಕುವ ಮುನ್ನ ಬಟ್ಟೆ ಯಾವುದೆಂದು ಖಚಿತ ಮಾಡಿಕೊಳ್ಳಿ. ನಿಯೋಪ್ರೀನ್ ಲೇಪದ ನೈಲಾನಿಗೆ ನಿಯೋಪ್ರೀನಿನ ಅಂಟು, ಪಾಲಿಯುರಿಥೇನ್ ಲೇಪಕ್ಕೆ ಪಾಲಿಯುರಿಥೇನ್ ಅಂಟು, ಪಿವಿಸಿಗೆ ಪಿವಿಸಿ ಅಂಟು. ಅದಲು ಬದಲಾದರೆ ತೇಪೆ ಮೊದಲ ನೀರಿಗೇ ಎದ್ದುಬರುತ್ತದೆ. ಸೀಳಿನ ಸುತ್ತ ಎಲ್ಲ ದಿಕ್ಕಿಗೂ 50 ಮಿಲಿಮೀಟರಿನಷ್ಟು ಹೆಚ್ಚಿರುವಂತೆ ತುಂಡು ಕತ್ತರಿಸಿ. ಮೂಲೆಗಳನ್ನು ದುಂಡಗೆ ಮಾಡಿ, ಚೂಪಾದ ಮೂಲೆಯೇ ಮೊದಲು ಏಳುವುದು. ಎರಡೂ ಮುಖಗಳನ್ನು ಸ್ಯಾಂಡ್‌ಪೇಪರಿನಿಂದ ಲೇಪದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ನೂಲು ಕಾಣುವಷ್ಟಲ್ಲ. ಲೇಪಕ್ಕೆ ಒಗ್ಗುವ ದ್ರಾವಕದಿಂದ ಒರೆಸಿ ಒಣಗಿಸಿ. ಎರಡೂ ಕಡೆ ಅಂಟಿನ ತೆಳುವಾದ ಪದರ ಹಚ್ಚಿ, ಅದು ಆರಿದ ಮೇಲೆ ಇನ್ನೊಂದು. ಬೆರಳಿಗೆ ಜಿಗುಟೆನಿಸಿ, ಅಂಟು ಮೆತ್ತಿಕೊಳ್ಳದ ಹದಕ್ಕೆ ಬಂದಾಗ ತೇಪೆಯನ್ನು ಒಂದು ಅಂಚಿನಿಂದ ಇಳಿಸುತ್ತ, ಗಾಳಿ ಉಳಿಯದಂತೆ ಲಟ್ಟಣಿಗೆಯಂಥ ಉರುಳೆಯಿಂದ ಒತ್ತಿ. ಒಂದು ದಿನ ಮುಟ್ಟಬೇಡಿ. ಉದ್ದ ಸೀಳಾದರೆ ತೇಪೆಗೆ ಮೊದಲು ದಬ್ಬಣ ಮತ್ತು ಮೇಣದ ದಾರದಿಂದ ಹೊಲಿಯಿರಿ.

ಚೀಲದ ಸ್ಕರ್ಟಿಗೆ ಇನ್ನೂ ಒಂದು ಕೆಲಸ: ಹಿಂಬದಿಯ ತಗ್ಗಿನಲ್ಲಿರುವ ನೀರಿಳಿಯುವ ತೂತುಗಳು ಕೆಸರಿನಿಂದ ಮುಚ್ಚಿಲ್ಲವೇ ನೋಡಿ. ಮುಚ್ಚಿದ್ದರೆ ಚೀಲದಲ್ಲಿ ನೀರು ನಿಂತು ವಾಹನ ಹಿಂದೆ ತೂಗುತ್ತದೆ.

ಒಡಲು, ಇಂಧನ, ತಂತಿಗಳು

ಫೈಬರ್‌ಗ್ಲಾಸ್ ಒಡಲನ್ನು ನಾಣ್ಯದಿಂದ ತಟ್ಟುತ್ತ ಹೋಗಿ. ಗಟ್ಟಿ ಸದ್ದು ಒಮ್ಮೆಲೇ ಮಂಕಾದ ಕಡೆ ಪದರ ಬಿಟ್ಟಿದೆ. ಆ ಭಾಗವನ್ನು ಓರೆಯಾಗಿ ಅಗಲಕ್ಕೆ ಉಜ್ಜಿ, ಪೂರ್ತಿ ಒಣಗಿಸಿ, ಹೊಸ ಪದರಗಳನ್ನು ಕೂರಿಸಬೇಕು. ಎಪಾಕ್ಸಿ ಹಳೆಯ ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ಕಚ್ಚುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಹಾಗೆ ಕಚ್ಚುವುದಿಲ್ಲ. ತಳದ ಉಜ್ಜುಪಟ್ಟಿಗಳು ಸವೆದು ಫೈಬರ್ ನೆಲಕ್ಕೆ ತಾಗುವ ಮುನ್ನವೇ ಬದಲಿಸಿ.

ವರ್ಷಕ್ಕೊಮ್ಮೆ ವಾಹನದ ತೂಕ ನೋಡಿ. ನಾಲ್ಕು ಮೂಲೆಗಳಡಿ ನಾಲ್ಕು ತೂಕದ ಯಂತ್ರಗಳನ್ನಿಟ್ಟು ಕೂಡಿಸಿದರೆ ಸಾಕು. ಹೊಸದಾಗಿ ಏನನ್ನೂ ಜೋಡಿಸದೆ ತೂಕ ಏರಿದ್ದರೆ ತೇಲುವಿಕೆಗಾಗಿ ತುಂಬಿದ ಫೋಮ್ ನೀರು ಕುಡಿದಿದೆ. ವಾಹನ ಏಳಲು ತಿಣುಕುತ್ತಿದೆಯೆಂದು ಎಂಜಿನ್ ಬಿಚ್ಚುವ ಮೊದಲು ಈ ಪರೀಕ್ಷೆ ಮಾಡಿ. ಒಡಲಿನ ಬಿರಡೆಗಳನ್ನು ಪ್ರತಿ ವಿಹಾರದ ಬಳಿಕ ತೆಗೆದು ನೀರು ಬಸಿಯುವುದೇ ಇದಕ್ಕೆ ಮದ್ದು.

ಹಳೆಯ ಸಣ್ಣ ವಾಹನಗಳಲ್ಲಿ ರೋಟಾಕ್ಸ್ 503ರಂಥ ಟೂ ಸ್ಟ್ರೋಕ್ ಎಂಜಿನ್‌ಗಳು ಈಗಲೂ ಸಿಗುತ್ತವೆ. ಇವುಗಳ ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. 50:1ರ ಅನುಪಾತವೆಂದರೆ 20 ಲೀಟರ್ ಪೆಟ್ರೋಲಿಗೆ 400 ಮಿಲಿಲೀಟರ್ ಎಣ್ಣೆ. ಅಳತೆಯ ಪಾತ್ರೆಯಲ್ಲೇ ಅಳೆಯಿರಿ, ಬೆರೆಸಿದ ದಿನಾಂಕವನ್ನು ಡಬ್ಬಿಯ ಮೇಲೆ ಬರೆಯಿರಿ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲ್ ಎಂದರೆ 10 ಪ್ರತಿಶತದವರೆಗೆ ಎಥನಾಲ್ ಇರುವ ಇ10. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ. ಆದ್ದರಿಂದ ಎಥನಾಲ್ ಕಡಿಮೆಯಿರುವ ಇ5 ಪೆಟ್ರೋಲನ್ನೇ ಹಾಕಿ. ಕೊಳವೆಗಳು ಗಡುಸಾಗಿದ್ದರೆ ಎಲ್ಲವನ್ನೂ ಬದಲಿಸಿ. ಅವುಗಳ ಬೆಲೆ ಅಲ್ಪ. ಪ್ಲಗ್‌ಗಳ ಬಣ್ಣ ನೋಡಿ: ತಿಳಿಕಂದು ಆರೋಗ್ಯದ ಗುರುತು. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ, ಪಿಸ್ಟನ್ನಿಗೆ ಕುತ್ತು. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ.

ತಂತಿಗಳ ಜೋಡಣೆಗಳನ್ನು ಬಿಚ್ಚಿ, ಹಸಿರು ತುಕ್ಕು ಒರೆಸಿ, ವಿದ್ಯುತ್ ಜೋಡಣೆಗೆಂದೇ ಸಿಗುವ ಗ್ರೀಸ್ ಸವರಿ. ಥ್ರಾಟಲ್ ಬಿಟ್ಟ ಕೂಡಲೇ ತಾನಾಗಿ ಹಿಂದಿರುಗಬೇಕು. ಚಾಲಕನ ಮೈಗೆ ಕಟ್ಟಿದ ದಾರ ಎಳೆದಾಗ ಎಂಜಿನ್ ತಟ್ಟನೆ ಆರಬೇಕು. ಇವೆರಡನ್ನೂ ನಿಜವಾಗಿ ಮಾಡಿ ನೋಡಿ.

ಚೀಲದಲ್ಲಿ ಏನಿರಬೇಕು

ಒಂದೇ ಮಾದರಿಯ ವಾಹನಗಳಿದ್ದರೆ ಯಾರು ಯಾವ ಬಿಡಿಭಾಗ ತರಬೇಕೆಂದು ಮೊದಲೇ ಮಾತಾಡಿಕೊಳ್ಳಬಹುದು, ತೂಕ ಉಳಿಯುತ್ತದೆ. ಆದರೆ ನಿಮ್ಮ ಬೆಲ್ಟ್, ಪ್ಲಗ್‌ಗಳು, ಪೆಟ್ರೋಲ್ ಫಿಲ್ಟರ್, ಎರಡು ಮೂರು ಸೆಗ್ಮೆಂಟುಗಳು, ಕೈತುಂಬ ಕೇಬಲ್ ಟೈ, ಇವು ನಿಮ್ಮ ಚೀಲದಲ್ಲೇ ಇರಲಿ. ಜೊತೆಗೆ ಕೈ ರಿವೆಟರ್, ಅಗಲ ವಾಷರುಗಳು, ದಬ್ಬಣ, ದಾರ, ನಿಮ್ಮ ವಾಹನದ ನಟ್ಟುಗಳಿಗೆ ಹೊಂದುವ ಸ್ಪ್ಯಾನರುಗಳು, ಟಾರ್ಚು, ಎಳೆಯುವ ಹಗ್ಗ, ಬೆಂಕಿ ನಂದಿಸುವ ಸಾಧನ. ಸ್ಪ್ಯಾನರುಗಳನ್ನು ಆರಿಸುವ ಸರಿಯಾದ ವಿಧಾನ ಒಂದೇ: ಆ ಚೀಲದಲ್ಲಿರುವುದನ್ನಷ್ಟೇ ಬಳಸಿ ಅಂಗಳದಲ್ಲಿ ಒಮ್ಮೆ ಬೆಲ್ಟ್ ಬದಲಿಸಿ ನೋಡುವುದು. ಏನು ಸಾಲದು ಎಂಬುದು ಅಲ್ಲೇ ತಿಳಿಯುತ್ತದೆ.

ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಪಟ್ಟಿಯಿಂದ ಬಿಗಿಯಿರಿ. ಫ್ಯಾನ್ ನಿಮ್ಮ ಬೆನ್ನ ಹಿಂದೆಯೇ ಗಾಳಿ ಸೆಳೆಯುತ್ತಿರುತ್ತದೆ. ಟೋಪಿ, ಕೈಗವಸು, ಹಗ್ಗದ ತುದಿ ಯಾವುದು ಸಡಿಲವಾಗಿದ್ದರೂ ಅದರೊಳಕ್ಕೆ ಹೋಗುತ್ತದೆ.

ಹೊರಡುವ ಬೆಳಿಗ್ಗೆ

ಜಲ್ಲಿಕಲ್ಲಿನ ಮೇಲೆ ಎಂಜಿನ್ ಚಾಲೂ ಮಾಡಬೇಡಿ, ಹುಲ್ಲು ಅಥವಾ ತೇವದ ಮರಳು ಹುಡುಕಿ. ನೋಡಲು ಬಂದ ಮಕ್ಕಳನ್ನೂ ಗೆಳೆಯರನ್ನೂ ಫ್ಯಾನಿನ ಪಕ್ಕದಲ್ಲಿ, ಅಂದರೆ ಬ್ಲೇಡುಗಳು ಸುತ್ತುವ ನೇರದಲ್ಲಿ, ನಿಲ್ಲಲು ಬಿಡಬೇಡಿ. ಬ್ಲೇಡು ಮುರಿದರೆ ಹಾರುವುದು ಆ ನೇರಕ್ಕೇ. ಲೈಫ್ ಜಾಕೆಟ್, ಹೆಲ್ಮೆಟ್, ಕಿವಿ ರಕ್ಷಕ ಎಲ್ಲರಿಗೂ ಬೇಕು.

ಎಂಜಿನ್ನಿನ ಗದ್ದಲದಲ್ಲಿ ಕೂಗಿದರೆ ಕೇಳಿಸುವುದಿಲ್ಲ. ಆದ್ದರಿಂದ ‘ನಿಲ್ಲು’, ‘ತೊಂದರೆಯಿದೆ’, ‘ಎಲ್ಲ ಸರಿ’ ಎಂಬುದಕ್ಕೆ ಕೈಸನ್ನೆಗಳನ್ನು ಮುಂಚೆಯೇ ಒಪ್ಪಿಕೊಳ್ಳಿ. ದಾರಿ ಬಲ್ಲವರು ಮುಂದೆ, ದುರಸ್ತಿ ಬಲ್ಲವರು ಕೊನೆಯಲ್ಲಿ. ಈ ಕೊನೆಯವರನ್ನು ಯಾರೂ ಹಿಂದೆ ಹಾಕಬಾರದು. ಹೋವರ್‌ಕ್ರಾಫ್ಟಿಗೆ ಬ್ರೇಕ್ ಇಲ್ಲ, ಗಾಳಿ ಬೀಸಿದ ಕಡೆ ಜಾರುತ್ತದೆ. ನಡುವೆ ಧಾರಾಳ ಅಂತರ ಬಿಡಿ. ಪ್ರತಿ ನಿಲುಗಡೆಯಲ್ಲೂ ಎಂಜಿನ್ ಆರಿಸಿ, ವಾಹನದ ಸುತ್ತ ಒಮ್ಮೆ ನಡೆದು ಬೆಲ್ಟ್, ಬ್ಲೇಡಿನ ಬುಡ, ಕೇಬಲ್ ಟೈ, ನಟ್ಟುಗಳ ಮೇಲೆ ಕಣ್ಣಾಡಿಸಿದ ಮೇಲೆಯೇ ಚಹಾದ ಫ್ಲಾಸ್ಕ್ ತೆರೆಯುವುದು ಒಳ್ಳೆಯ ರೂಢಿ.

ದಾರಿಯಲ್ಲಿ ಕೆಟ್ಟರೆ

ಲಕ್ಷಣವೇ ಅರ್ಧ ಉತ್ತರ. ಎಂಜಿನ್ ಕಿರುಚುತ್ತದೆ, ವಾಹನ ಕುಸಿದಿದೆ ಎಂದರೆ ಬೆಲ್ಟ್ ಹೋಗಿದೆ. ಎಂಜಿನ್ ಸರಿಯಿದ್ದೂ ಏಳುತ್ತಿಲ್ಲವಾದರೆ ಸ್ಕರ್ಟ್ ಅಥವಾ ಒಡಲಿನಲ್ಲಿ ನೀರು. ಒಂದೇ ಕಡೆ ಎಳೆಯುತ್ತಿದ್ದರೆ ಕಟ್ಟು ಬಿಟ್ಟ ಸೆಗ್ಮೆಂಟ್. ಎಂಜಿನ್ ಸೊರಗುತ್ತ ಆರಿದರೆ ಟ್ಯಾಂಕಿನ ಗಾಳಿತೂತು, ಫಿಲ್ಟರ್, ಕಾರ್ಬ್ಯುರೇಟರಿನ ತಳದ ನೀರು, ಆಮೇಲೆ ಪ್ಲಗ್, ಈ ಕ್ರಮದಲ್ಲಿ ನೋಡಿ. ಒದ್ದೆ ಸ್ಕರ್ಟಿಗೆ ಟೇಪ್ ಅಂಟುವುದಿಲ್ಲ. ಸೀಳಿನ ಎರಡೂ ಬದಿಗೆ ದಬ್ಬಣದಿಂದ ತೂತು ಮಾಡಿ ಕೇಬಲ್ ಟೈಗಳಿಂದ ಹೊಲಿದುಬಿಡಿ, ಅಥವಾ ಒಂದು ತುಂಡು ಬಟ್ಟೆಯನ್ನು ವಾಷರ್ ಹಾಕಿ ರಿವೆಟ್ ಮಾಡಿ.

ಹೊಸದಾಗಿ ಅದುರಾಟ ಶುರುವಾದರೆ ಮಾತ್ರ ಯಾವ ಪರೀಕ್ಷೆಗೂ ನಿಲ್ಲಬೇಡಿ, ಆ ಕ್ಷಣವೇ ಎಂಜಿನ್ ಆರಿಸಿ. ಮುರಿದ ಬ್ಲೇಡಿನ ಎದುರಿನದನ್ನೂ ಕಿತ್ತು ಸಮತೋಲ ಮಾಡಿಕೊಂಡು ಮನೆ ಸೇರುವ ಯೋಚನೆ ಕೆಲವರಿಗೆ ಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಒಂದು ಬ್ಲೇಡು ಮುರಿದಾಗ ಅದರ ಚೂರುಗಳು ಉಳಿದವನ್ನೂ ಹೊಡೆದಿರುತ್ತವೆ. ಅಲ್ಲಿಂದ ಮುಂದೆ ಎಳೆಸಿಕೊಂಡೇ ಹೋಗಬೇಕು.

ಎಳೆಯುವಾಗ ಎಳೆಯುವ ವಾಹನದ ಹಿಂದಿನ ಎರಡು ಮೂಲೆಗಳಿಂದಲೂ, ಕೆಟ್ಟ ವಾಹನದ ಮುಂದಿನ ಎರಡು ಕೊಂಡಿಗಳಿಂದಲೂ ಹಗ್ಗವನ್ನು ಕವಲಾಗಿ ಕಟ್ಟಿ. ಎಂಜಿನ್ ಚಾಲೂ ಆಗುವ ಮುನ್ನ ಸಡಿಲ ಹಗ್ಗ ಫ್ಯಾನಿನ ಬಾಯಿಯಿಂದ ದೂರವಿದೆಯೇ ನೋಡಿ. ಎರಡನೆಯ ಎಂಜಿನ್ ಇರುವ ವಾಹನವಾಗಿ ಅದರ ಮೇಲೇಳಿಸುವ ಫ್ಯಾನ್ ಕೆಲಸ ಮಾಡುತ್ತಿದ್ದರೆ ಅದನ್ನು ಓಡಿಸುತ್ತಿರಿ, ಭಾರ ಬಹಳ ಇಳಿಯುತ್ತದೆ. ಇಲ್ಲವಾದರೆ ದೋಣಿಯ ನಿಧಾನಗತಿಯೇ ಸರಿ.

ಕೆಸರುಬಯಲಿನಲ್ಲಿ ಕೆಟ್ಟರೆ ವಾಹನದಿಂದ ಇಳಿಯಲೇಬೇಡಿ. ದಡ ಹತ್ತಿರ ಕಂಡರೂ ಕಾಲು ಹೂತುಹೋಗಬಹುದು. ಇಂಗ್ಲೆಂಡಿನ ಮೋರ್‌ಕ್ಯಾಂಬ್ ಕೊಲ್ಲಿಯಲ್ಲಿ 2004ರ ಫೆಬ್ರುವರಿಯ ಒಂದು ರಾತ್ರಿ ಚಿಪ್ಪು ಆಯಲು ಹೋಗಿದ್ದ ಕನಿಷ್ಠ 21 ಚೀನೀ ಕಾರ್ಮಿಕರು ಏರುವ ಭರತಕ್ಕೆ ಸಿಕ್ಕಿ ಸತ್ತರು. ಬ್ರಿಟನ್ನಿನ ಜೀವರಕ್ಷಕ ದೋಣಿ ಸಂಸ್ಥೆ ಅಲ್ಲಿ 2002ರಿಂದಲೇ ಹೋವರ್‌ಕ್ರಾಫ್ಟ್ ಇರಿಸಿಕೊಂಡಿರುವುದು ಇಂಥ ನೆಲದಲ್ಲಿ ದೋಣಿಯೂ ಕಾಲ್ನಡಿಗೆಯೂ ಸಾಗದು ಎಂಬ ಕಾರಣಕ್ಕೇ. ನಿಮ್ಮ ಜೊತೆಗಾರರು ನಿಮ್ಮ ಬಳಿಗೆ ಬರಲಿ. ದುರಸ್ತಿಗೆ ಎಷ್ಟು ಹೊತ್ತು ಕೊಡಬಹುದೆಂದು ಆ ದಿನದ ಭರತದ ವೇಳಾಪಟ್ಟಿ ನೋಡಿ ಮೊದಲೇ ನಿಗದಿ ಮಾಡಿ. ಆ ಹೊತ್ತು ಮುಗಿದರೆ ಸ್ಪ್ಯಾನರ್ ಒಳಗಿಟ್ಟು ಹಗ್ಗ ಕಟ್ಟಿ. ಎಳೆಯಲೂ ಆಗದೆಂದರೆ ತಡಮಾಡದೆ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ಸಹಾಯ ಕೇಳಿ.

ಮರಳಿ ಬಂದ ಮೇಲೆ

ಉಪ್ಪುನೀರಿನಲ್ಲಿ ಓಡಿಸಿದ್ದರೆ ಅದೇ ದಿನ ಸಿಹಿನೀರಿನಿಂದ ತೊಳೆಯಿರಿ. ಎಂಜಿನ್ ತಣಿಯಲಿ, ಗಾಳಿ ಎಳೆಯುವ ಬಾಯಿಗೆ ಚೀಲ ಕಟ್ಟಿ, ನೀರನ್ನು ರಭಸವಿಲ್ಲದೆ ಹರಿಸಿ. ಒತ್ತಡದ ನೀರು ಬೇರಿಂಗಿನ ಸೀಲು ದಾಟಿ ಒಳಹೋಗುತ್ತದೆ. ಸ್ಕರ್ಟಿನ ಒಳಗಿನ ಮರಳು, ಚುಕ್ಕಾಣಿಯ ತಿರುಗಣಿ, ಕೇಬಲ್ಲುಗಳ ತುದಿ, ಟ್ರೇಲರಿನ ಚಕ್ರದ ಬೇರಿಂಗ್ ಮರೆಯಬೇಡಿ. ಬಿರಡೆ ತೆಗೆದು ಬಸಿದು, ಒಣಗಿದ ಮೇಲೆ ಕೇಬಲ್‌ಗಳಿಗೂ ತಿರುಗಣಿಗಳಿಗೂ ಎಣ್ಣೆ ಕೊಡಿ. ಎಂಜಿನ್ ಓಡಿದ ಗಂಟೆಗಳು, ಬದಲಿಸಿದ ಭಾಗ, ಅನುಮಾನ ಹುಟ್ಟಿಸಿದ ಸದ್ದು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ.

ಚಳಿಗಾಲಕ್ಕೆ ನಿಲ್ಲಿಸುವುದಾದರೆ ಟ್ಯಾಂಕ್ ಮತ್ತು ಕಾರ್ಬ್ಯುರೇಟರ್ ಖಾಲಿ ಮಾಡಿ, ಪ್ಲಗ್ ತೆಗೆದು ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು ಕೈಯಿಂದ ತಿರುಗಿಸಿ. ಬೆಲ್ಟಿನ ಬಿಗಿ ಸಡಿಲಿಸಿ, ‘ಬಿಗಿ ಸಡಿಲಿಸಿದೆ’ ಎಂದು ಚೀಟಿ ಬರೆದು ಸ್ಟಾರ್ಟರಿಗೆ ಕಟ್ಟಿ. ವಾಹನದ ಭಾರ ಸ್ಕರ್ಟಿನ ಮೇಲೆ ಬೀಳದಂತೆ ದಿಮ್ಮಿಗಳ ಮೇಲೇರಿಸಿ. ಹೊದಿಕೆಯಡಿ ಗಾಳಿಯಾಡಲು ಎಡೆ ಬಿಡಿ. ಇಲಿಗಳಿಗೆ ಸ್ಕರ್ಟಿನ ಮಡಿಕೆ, ಫೋಮ್ ಎರಡೂ ಗೂಡು ಕಟ್ಟಲು ಇಷ್ಟ. ತಿಂಗಳಿಗೊಮ್ಮೆಯಾದರೂ ಹೊದಿಕೆ ಎತ್ತಿ ನೋಡಿ.